ಹುಳದ ಮನೆಯ ಗಾಳಿಯ ಲೆಕ್ಕ

ಗಾಳಿಯ ಹರಿವನ್ನು ಗ್ರಾಫಿಕ್ಸ್ ಕಾರ್ಡಿನ ಮೇಲೆ ಲೆಕ್ಕ ಹಾಕಲು ಹೊರಟವರು ಕಾರ್ಡ್ ಎಷ್ಟು ವೇಗದ್ದು ಅಂತ ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ್ದು ಅದರ ಮೆಮೊರಿ ಎಷ್ಟು ಅಂತ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲಿ ಅಣ್ಣನ ರೇಷ್ಮೆ ಹುಳದ ಮನೆಯ ಗಾಳಿಯನ್ನು ಲೆಕ್ಕಕ್ಕೆ ತರಲು ಕೂತಾಗ ನನಗಿದು ಮನದಟ್ಟಾಯಿತು.

ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳಕ್ಕೆ 23ರಿಂದ 25 ಡಿಗ್ರಿ ಶಾಖ, ಶೇ 70ರ ಆಸುಪಾಸಿನ ತೇವ ಬೇಕು, ಗಾಳಿಯೂ ಆಡುತ್ತಿರಬೇಕು. ತೇವ ಕಟ್ಟಿಕೊಂಡರೆ ಸುಣ್ಣಕಟ್ಟು ರೋಗದ ಭಯ. ಹಾಗಂತ ಕಿಟಕಿ ಬರಿದಾಗಿ ತೆರೆದಿಡುವಂತಿಲ್ಲ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣಕ್ಕೆ ಹೆದರಿ ನೈಲಾನ್ ಪರದೆ ಕಟ್ಟಲೇಬೇಕು. "ಒಳಮೂಲೆ ಸ್ಟ್ಯಾಂಡಲ್ಲಿ ಗಾಳಿ ಆಡಲ್ಲ ಕಣೋ, ಸೊಪ್ಪು ಬೆವರುತ್ತೆ" ಅನ್ನುತ್ತಿದ್ದ ಅಣ್ಣ.

ನಾನು ಬಳಸಿದ್ದು ಫ್ಲೂಯಿಡ್‌ಎಕ್ಸ್3ಡಿ ಎಂಬ ತಂತ್ರಾಂಶ. ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ. ಓಪನ್‌ಸಿಎಲ್‌ನಲ್ಲಿ ಬರೆದದ್ದರಿಂದ ಎನ್ವಿಡಿಯಾ, ಎಎಂಡಿ, ಇಂಟೆಲ್ ಯಾವ ಕಾರ್ಡಾದರೂ ನಡೆಯುತ್ತದೆ. ಅದರ ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನದಲ್ಲಿ ಜಾಗವನ್ನು ಸಣ್ಣ ಕೋಶಗಳಾಗಿ ಒಡೆಯುತ್ತಾರೆ, ಪ್ರತಿ ಕೋಶಕ್ಕೂ ಅಕ್ಕಪಕ್ಕದ ಕೋಶಗಳೊಡನೆ ಮಾತ್ರ ವ್ಯವಹಾರ. ಆದ್ದರಿಂದಲೇ ಕಾರ್ಡಿನ ಸಾವಿರಾರು ಕೋರ್‌ಗಳು ಒಟ್ಟಿಗೆ ದುಡಿಯಬಲ್ಲವು. ಮೆಮೊರಿ ಉಳಿಸುವ ಆಯ್ಕೆಯಲ್ಲಿ ಒಂದು ಕೋಶಕ್ಕೆ 55 ಬೈಟ್ ಸಾಕು. ನಮ್ಮ ಹುಳದ ಮನೆ ಸುಮಾರು 12 ಮೀಟರ್ ಉದ್ದ, 6 ಅಗಲ, 3 ಎತ್ತರ. 2 ಸೆಂಟಿಮೀಟರ್ ಕೋಶವಾದರೆ 2.7 ಕೋಟಿ ಕೋಶ, ಒಂದೂವರೆ ಜಿಬಿ. 1 ಸೆಂಟಿಮೀಟರ್‌ಗೆ ಇಳಿಸಿದರೆ 21.6 ಕೋಟಿ, ಹತ್ತಿರ ಹತ್ತಿರ 12 ಜಿಬಿ. ನನ್ನ ಲ್ಯಾಪ್‌ಟಾಪಿನಲ್ಲಿರುವುದು 6. ಕಾಲದ ಹೆಜ್ಜೆಯೂ ಅರ್ಧವಾಗುವುದರಿಂದ ಕೆಲಸ ಹದಿನಾರು ಪಟ್ಟು. 2 ಸೆಂಟಿಮೀಟರ್‌ಗೇ ನಿಂತೆ.

ಈ ಬಗೆಯ ಲೆಕ್ಕಕ್ಕೆಂದೇ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನೇ ಕಟ್ಟಿತ್ತು. ಈಗ ಅಂಥ ಲೆಕ್ಕ ಹಳ್ಳಿಮನೆಯ ಜಗಲಿ ಮೇಲೆ ಸಾಗುವುದು ನನಗೆ ನಿಜಕ್ಕೂ ದೊಡ್ಡ ಸಂತೋಷ.

ಹೊಸಬರು ನೇರ ತಮ್ಮ ಕಟ್ಟಡಕ್ಕೆ ಕೈ ಹಾಕಬಾರದು. ಮುಚ್ಚಳ ಸರಿಯುವ ಚೌಕಪೆಟ್ಟಿಗೆಯೊಳಗಿನ ಹರಿವಿಗೆ ಘಿಯಾ ಮತ್ತು ಸಂಗಡಿಗರು 1982ರಲ್ಲಿ ಕೊಟ್ಟ ಅಂಕಿಗಳಿವೆ. ನಿಮ್ಮ ಉತ್ತರ ಅವಕ್ಕೆ ತಾಳೆಯಾದ ಮೇಲೆ ಮುಂದಿನ ಮಾತು. ಲ್ಯಾಟಿಸ್ ಅಳತೆಯಲ್ಲಿ ವೇಗ 0.1 ದಾಟದಂತೆ ನೋಡಿಕೊಳ್ಳಿ. ಶಾಖದ ಲೆಕ್ಕ ಆರಂಭಕ್ಕೆ ಬೇಡ.

ನನ್ನ ತಲೆ ಹೆಚ್ಚು ತಿಂದದ್ದು ಪರದೆ. ಅದರ ಎಳೆ ಮಿಲಿಮೀಟರಿಗಿಂತ ಸಣ್ಣದು, 2 ಸೆಂಟಿಮೀಟರ್ ಕೋಶಕ್ಕೆ ಅದು ಕಾಣುವುದೇ ಇಲ್ಲ. ಪರದೆಯ ಒಳಬದಿಯಲ್ಲಿ ಗಾಳಿಮಾಪಕ ಹಿಡಿದು, ಬಂದ ವೇಗವನ್ನೇ ಕಿಟಕಿಯ ವೇಗವೆಂದು ಕೊಟ್ಟೆ. ಹೊರಗಿನ ಗಾಳಿಯ ವೇಗ ಕೊಟ್ಟರೆ ಚಿತ್ರ ಚೆನ್ನಾಗಿಯೇ ಬರುತ್ತದೆ, ಆದರೆ ಅದು ನಮ್ಮ ಮನೆಯದಲ್ಲ. ಈ ಅಳತೆಗೆ ಕೊಟ್ಟ ಹೊತ್ತು ಕಾರ್ಡಿಗೆ ಕೊಟ್ಟ ಹೊತ್ತಿಗಿಂತ ಬೆಲೆಯುಳ್ಳದ್ದು.

ಲೆಕ್ಕದಲ್ಲಿ ಒಳಮೂಲೆಯ ಕೆಳ ಅಂತಸ್ತಿನ ಗಾಳಿ ನಿಂತಲ್ಲೇ ಸುತ್ತುತ್ತಿತ್ತು. ಹುಳ ಇಲ್ಲದಾಗ ಅಲ್ಲಿ ಊದುಬತ್ತಿ ಹಚ್ಚಿ ನೋಡಿದೆವು. ಹೊಗೆಯೂ ಅಲ್ಲೇ ಸುತ್ತಿತು. ಸ್ಟ್ಯಾಂಡನ್ನು ಗೋಡೆಯಿಂದ ಒಂದೂವರೆ ಅಡಿ ಸರಿಸಿದ್ದೇವೆ. ಸೂರಿನಡಿ ಗವಾಕ್ಷಿ ಎಲ್ಲಿ ಕೊರೆಯಬೇಕೆಂಬ ಲೆಕ್ಕ ಈಗ ಓಡುತ್ತಿದೆ.