ಮೂರು ಡೋಸು ಚೆಲ್ಲಿದ ದಿನ

ನಾನು ಆಶಾ ಕಾರ್ಯಕರ್ತೆ, ಗಾವಡಗೆರೆ ಹೋಬಳಿಯವಳು. ಕೋವಿಡ್ ಲಸಿಕೆಗೆ ಜನ ಹಿಂಜರಿದದ್ದು ವಾಟ್ಸಾಪ್‌ನಿಂದ ಅಂತ ಈಗಲೂ ಸಭೆಗಳಲ್ಲಿ ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. ‘ಹಾಕುಸ್ಕಂಡೋರು ಎರಡೇ ವರ್ಷ ಬದುಕೋದು, ಫ್ರಾನ್ಸಿನ ನೊಬೆಲ್ ವಿಜ್ಞಾನಿನೇ ಹೇಳವ್ರೆ’ ಅನ್ನೋ ಮೆಸೇಜು 2021ರ ಮೇನಲ್ಲಿ ನನ್ನ ಮೈದುನನ ಫೋನಿಗೂ ಬಂದಿತ್ತು. ಆ ವಿಜ್ಞಾನಿ ಹಾಗೆ ಹೇಳೇ ಇರಲಿಲ್ಲ. ಆದರೆ ನಮ್ಮ ಬೀದಿಯ ಭಯ ಫೋನಿಗಿಂತ ಹಳೆಯದು. ಅದು ಗೊತ್ತಾಗುವ ಹೊತ್ತಿಗೆ ನನ್ನ ಮರ್ಯಾದೆ ಹೋಗಿತ್ತು.

ಜೂನ್ ತಿಂಗಳು, ಹೊಗೆಸೊಪ್ಪಿನ ಸಸಿ ನೆಡುವ ಕಾಲ. ಶಾಲೆಯಲ್ಲಿ ಕ್ಯಾಂಪು. ಕೋವಿಶೀಲ್ಡ್ ಸೀಸೆಯಲ್ಲಿ ಹತ್ತು ಡೋಸು. ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಹತ್ತು ಜನ ಸೇರಲಿ ಅಂತ ಸಿಸ್ಟರ್ ಹೇಳುತ್ತಲೇ ಇದ್ದರು. ‘ತೆಗೀರಿ ಮೇಡಂ, ಬಂದೇ ಬರ್ತಾರೆ’ ಅಂದವಳು ನಾನೇ. ಏಳು ಜನ ಬಂದರು.

ಮೂರು ಗಂಟೆ ದಾಟಿತು. ಬೇಡಿಕೊಂಡು ಬೇಡಿಕೊಂಡು ಐದಾರು ಜನರನ್ನು ಬಾಗಿಲ ತನಕ ಕರೆತಂದಿದ್ದೆ. ಆಗ ಜೀಪು ಬಂತು. ಇಳಿದ ಸಾಹೇಬರು ಯಾರ ಮುಖವನ್ನೂ ನೋಡದೆ, ‘ಹಾಕಿಸ್ಕೊಳ್ಳದೋರ ರೇಷನ್ ಕಾರ್ಡ್ ಕ್ಯಾನ್ಸಲ್!’ ಅಂತ ಕೂಗಿದರು. (ಸೆಪ್ಟೆಂಬರ್‌ನಲ್ಲಿ ಪಕ್ಕದ ಚಾಮರಾಜನಗರದಿಂದಲೂ ‘ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ’ ಅನ್ನೋ ಸುದ್ದಿ ಪೇಪರಿಗೆ ಬಂತು.) ಬಂದವರು ಹಿಂದೆ ಸರಿದರು. ಒಬ್ಬ ತಿರುಗಿ ಕೇಳಿದ: ‘ಅಕ್ಕಾ, ನಿಮ್ಮತ್ತೆಗೆ ಹಾಕ್ಸಿದ್ಯಾ?’

ವಾರದಿಂದ ಮನೆಮನೆಗೆ ಹೇಳಿಕೊಂಡು ಬಂದಿದ್ದೆ, ಮೊದಲ ಡೋಸು ನಮ್ಮತ್ತೆಗೇ ಅಂತ. ಹೂಂ ಅಂದೆ. ಅತ್ತೆ ಸಸಿ ಮಂಕರಿ ಹೊತ್ತು ಅದೇ ದಾರಿಯಲ್ಲಿ ನಿಂತಿದ್ದರು.

‘ನಂಗೆಲ್ಲಿ ಹಾಕ್ಸವ್ಳೆ? ಸುಳ್ಳು ಯೋಳ್ತಾಳೆ ಕಣಪ್ಪ.’

ನಗು ಈಗಲೂ ಕಿವಿಯಲ್ಲಿದೆ. ‘ಒಂದು ಸೂಜಿಗೆ ಕಮಿಷನ್ ಎಷ್ಟವ್ವ?’ ಅಂತ ಯಾರೋ ಅಂದರು. 12,000 ರೂಪಾಯಿ ಗೌರವಧನ ಕೊಡಿ ಅಂತ ಹಿಂದಿನ ಜುಲೈನಲ್ಲಿ ಮುಷ್ಕರ ಕೂತವರಿಗೆ ಕಮಿಷನ್ನು! ಸಿಸ್ಟರ್ ಮಾತಾಡದೆ ಪುಸ್ತಕದಲ್ಲಿ ‘ವ್ಯರ್ಥ: 3’ ಅಂತ ಬರೆದರು.

ರಾತ್ರಿ ಜಗಳ ಆಡಲೆಂದೇ ಅತ್ತೆ ಮುಂದೆ ಕೂತೆ. ಅವರು ಸೊಪ್ಪು ಬಿಡಿಸುತ್ತಾ ಹೇಳಿದರು: ‘ಎಮರ್ಜೆನ್ಸೀಲೂ ಇಂಗೇ ಜೀಪು ಬಂದಿತ್ತು ಕಣಮ್ಮಿ. ಮಕ್ಳಾಗ್ದಂಗೆ ಆಪ್ರೇಷನ್ ಮಾಡುಸ್ತಾರೆ ಅಂತ ನಿಮ್ ಮಾವ ಮೂರು ದಿನ ಜೋಳದ ಹೊಲ್ದಲ್ಲಿ ಬಚ್ಚಿಟ್ಕಂಡಿದ್ರು. ಅನ್ನ ತಕ್ಕೊಂಡೋದೋಳು ನಾನು.’ ಹದಿನೆಂಟು ವರ್ಷ ಒಂದೇ ಒಲೆಯಲ್ಲಿ ಉಂಡಿದ್ದೆವು. ನಾನು ಒಮ್ಮೆಯೂ ಕೇಳಿರಲಿಲ್ಲ.

ಈಗ ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಹೇಳುವುದಿಷ್ಟು. ಜೀಪನ್ನು ಊರ ಹೊರಗೆ ನಿಲ್ಲಿಸಿ. ಕ್ಯಾಂಪನ್ನು ಭಾನುವಾರ ಸಂಜೆ ಇಡಿ. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಜ್ವರ ಬಂದರೂ ಮಲಗಬಹುದು. ನಾಟಿಯ ಹೊತ್ತಲ್ಲಿ ಎರಡು ದಿನದ ಕೂಲಿ ಹೋಗುವುದೇ ಎಷ್ಟೋ ಮಂದಿಯ ನಿಜವಾದ ಹೆದರಿಕೆ. ಸಾವಿನ ಮಾತೆಲ್ಲ ಅದಕ್ಕೆ ಹೊದಿಸಿದ ಕಂಬಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಎರಡನೇ ಡೋಸಿಗೆ 6ರಿಂದ 8 ವಾರ ಅಂದಿದ್ದ ಸರ್ಕಾರ ಮೇ 13ರಂದು 12ರಿಂದ 16 ವಾರ ಅಂದಾಗ, ‘ಸ್ಟಾಕ್ ಇಲ್ಲ ಅಂತ ಹೇಳಕ್ಕೆ ನಾಚ್ಕೆನಾ?’ ಅಂತ ಜನ ಕೇಳಿದರು. ನಾನು ವಿಜ್ಞಾನ ವಿಜ್ಞಾನ ಅಂತ ತೊದಲಿದೆ.

ಮನೆಯವರದು ಮೊದಲಾಗಲಿ, ನಿಜವಾಗಿಯೇ. 1805ರ ಸುಮಾರಿನ ಚಿತ್ರವೊಂದರಲ್ಲಿ ಮೈಸೂರಿನ ರಾಣಿಯರು ಸಿಡುಬಿನ ಲಸಿಕೆಯ ಪ್ರಚಾರಕ್ಕೆ ನಿಂತಿದ್ದಾರೆ ಅಂತ ಇತಿಹಾಸಕಾರರೊಬ್ಬರು ಗುರುತಿಸಿದ್ದನ್ನು ಪೇಪರಿನಲ್ಲಿ ಓದಿದ್ದೆ. ಅರಮನೆಗೆ ತಿಳಿದಿದ್ದು ನನಗೆ ತಿಳಿಯಲಿಲ್ಲ.

ಅತ್ತೆ ಮುಂದಿನ ತಿಂಗಳು ಒಪ್ಪಿದರು. ಶರತ್ತು ಎರಡು: ಶಾಲೆಗೆ ಬರಲ್ಲ, ಜೀಪು ಕಾಣಬಾರದು. ಸಿಸ್ಟರ್ ಭಾನುವಾರ ನಡೆದುಕೊಂಡೇ ಮನೆಗೆ ಬಂದರು. ಸೋಮವಾರವಿಡೀ ಜ್ವರದಲ್ಲಿ ಅತ್ತೆ ನನ್ನನ್ನು ಬೈದರು, ಎದುರು ಮನೆಗೂ ಕೇಳುವಂತೆ. ನಾನು ಗಂಜಿ ಕಾಯಿಸುತ್ತಾ ಸುಮ್ಮನಿದ್ದೆ.