ಏನೂ ತಿನ್ನದಿದ್ದರೂ ಬೆಳಗಿನ ಶುಗರ್ ಏಕೆ ಏರುತ್ತದೆ?

ಪ್ರಶ್ನೆ: ನನಗೆ 44 ವರ್ಷ, ಪ್ರೌಢಶಾಲೆ ಶಿಕ್ಷಕಿ. ಆರು ತಿಂಗಳ ಹಿಂದೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.0 ಬಂತು. ಡಾಕ್ಟರು ‘ಬಾರ್ಡರ್‌ಲೈನ್ ಶುಗರ್, ಮಾತ್ರೆ ಬೇಡ, ಊಟ ನೋಡಿಕೊಳ್ಳಿ’ ಎಂದರು. ಅಂದಿನಿಂದ ಅನ್ನ, ಮುದ್ದೆ, ರೊಟ್ಟಿ ಎಲ್ಲ ಬಿಟ್ಟು ಮೊಟ್ಟೆ, ಪನೀರ್, ಸೊಪ್ಪು, ಕಡಲೆಕಾಯಿಯಲ್ಲೇ ಇದ್ದೇನೆ. ತೂಕ 72 ಕಿಲೋದಿಂದ 67ಕ್ಕೆ ಇಳಿದಿದೆ. ಊಟವಾದ ಎರಡು ಗಂಟೆಗೆ 115 ದಾಟುವುದಿಲ್ಲ. ಆದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 104, 109, ಒಮ್ಮೆ 113! ದಿನಕ್ಕೆ ನಾಲ್ಕೈದು ಸಲ ಬೆರಳು ಚುಚ್ಚಿ ನೋಡುತ್ತೇನೆ. ರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಮದುವೆಮನೆಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಶುಗರ್‌ನಿಂದ ಅಮ್ಮನ ಕಾಲ್ಬೆರಳು ತೆಗೆಯಬೇಕಾಗಿ ಬಂದಿತ್ತು. ನನಗೂ ಅದೇ ಗತಿಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ನಿಮ್ಮ ಬೆಳಗಿನ ಗೊಂದಲವನ್ನೇ ಬಿಡಿಸೋಣ. ರಾತ್ರಿ ನಾವು ಮಲಗಿದ್ದರೂ ಮಿದುಳಿಗೆ, ಕೆಂಪು ರಕ್ತಕಣಗಳಿಗೆ ಗ್ಲೂಕೋಸ್ ಬೇಕೇ ಬೇಕು. ಅದನ್ನು ಪೂರೈಸುವುದು ಯಕೃತ್ತು. ಕೂಡಿಟ್ಟ ದಾಸ್ತಾನಿನಿಂದ ಕೊಡುತ್ತದೆ, ಅದು ಸಾಲದಾದಾಗ ಪ್ರೋಟೀನು, ಕೊಬ್ಬಿನ ಅಂಶಗಳಿಂದ ಹೊಸದಾಗಿ ತಯಾರಿಸಿ ಕೊಡುತ್ತದೆ. ನಸುಕಿನಲ್ಲಿ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರಿದಾಗ ಸ್ವಲ್ಪ ಹೆಚ್ಚೇ ಬಿಡುತ್ತದೆ. ಹಾಗಾಗಿ ಏನೂ ತಿನ್ನದೆಯೂ ಶುಗರ್ ಏರುತ್ತದೆ.

ಅನ್ನ, ಮುದ್ದೆ, ರೊಟ್ಟಿಯಲ್ಲಿರುವ ಕಾರ್ಬ್ ತೀರಾ ಕಡಿಮೆ ಮಾಡಿದವರಲ್ಲಿ ಇನ್ನೊಂದು ಬದಲಾವಣೆಯೂ ಆಗಬಹುದು. ಸ್ನಾಯುಗಳು ಕೊಬ್ಬನ್ನು ಉರಿಸಿ ಕೆಲಸ ಮಾಡುವುದಕ್ಕೆ ಹೊಂದಿಕೊಂಡು, ಗ್ಲೂಕೋಸನ್ನು ಮಿದುಳಿಗೆಂದು ಬಿಟ್ಟುಕೊಡುತ್ತವೆ. ಅದರಿಂದ ಬೆಳಗಿನ ಸಂಖ್ಯೆ ತುಸು ಮೇಲೇ ನಿಲ್ಲುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಇದೇ ಎಂದು ಮೀಟರ್ ಒಂದನ್ನೇ ನೋಡಿ ಖಚಿತವಾಗಿ ಹೇಳಲಾಗದು. ಇನ್ಸುಲಿನ್ ಸರಿಯಾಗಿ ನಾಟದಿದ್ದಾಗಲೂ ಬೆಳಗಿನ ಶುಗರ್ ಹೀಗೆಯೇ ಇರುತ್ತದೆ. ಆದರೆ ತೂಕ ಇಳಿದಿದೆ, ಊಟದ ನಂತರದ ಏರಿಕೆ ನಿಂತಿದೆ. ಇಡೀ ದಿನದ ಲೆಕ್ಕ ಹಿಡಿದರೆ ನಿಮ್ಮ ರಕ್ತನಾಳಗಳ ಮೇಲಿನ ಸಕ್ಕರೆಯ ಹೊರೆ ಆರು ತಿಂಗಳ ಹಿಂದಿಗಿಂತ ಬಹುಶಃ ಇಳಿದಿದೆ. ನೀವು ನೋಡಿ ನೋಡಿ ಹೆದರುತ್ತಿರುವುದು ದಿನದ ಒಂದೇ ಒಂದು ಗಳಿಗೆಯನ್ನು.

ಇನ್ನು ಆ ಮೀಟರ್. ಮನೆಯ ಗ್ಲೂಕೋಮೀಟರ್‌ಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡವೇ ನೂರರ ಆಸುಪಾಸಿನಲ್ಲಿ 15 ಅಂಕ ಆಚೀಚೆಗೆ ಅವಕಾಶ ಕೊಡುತ್ತದೆ. ನಿಜವಾದ ಶುಗರ್ 105 ಇದ್ದಾಗ 95 ತೋರಿಸಿದರೂ 116 ತೋರಿಸಿದರೂ ಮೀಟರ್ ಸರಿಯಾಗಿದೆ ಎಂದೇ ಅರ್ಥ. ನಿಮ್ಮ 104, 109, 113 ಮೂರೂ ಒಂದೇ ಸಂಖ್ಯೆಯಾಗಿರಬಹುದು. ಬಾಳೆಹಣ್ಣೋ ಕಿತ್ತಳೆಯೋ ಸುಲಿದ ಬೆರಳನ್ನು ತೊಳೆಯದೆ ಚುಚ್ಚಿದರೆ, ಚರ್ಮಕ್ಕೆ ಅಂಟಿದ ರಸ ಆ ಹನಿ ರಕ್ತಕ್ಕೆ ಬೆರೆತು ಸಂಖ್ಯೆ ಎಲ್ಲಿಗೋ ಹಾರುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು. ಸೋಪು ಹಚ್ಚಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಚುಚ್ಚಬೇಕು.

ನಿದ್ದೆಗೆಟ್ಟ ರಾತ್ರಿಗಳ ಬಗ್ಗೆ ಬರೆದಿದ್ದೀರಿ. ಆತಂಕದಲ್ಲಿ ಏರುವ ಅಡ್ರಿನಲಿನ್, ಕಾರ್ಟಿಸಾಲ್ ಎರಡೂ ಯಕೃತ್ತಿಗೆ ‘ಸಕ್ಕರೆ ಬಿಡು’ ಎಂದೇ ಹೇಳುತ್ತವೆ. ನಿದ್ದೆ ಕೆಟ್ಟರೆ ಮರುದಿನ ಇನ್ಸುಲಿನ್‌ನ ಕೆಲಸ ಮಂದವಾಗುತ್ತದೆ. ನಾಳೆ ಎಷ್ಟು ಬರುವುದೋ ಎಂದು ಹೊರಳಾಡಿದ ರಾತ್ರಿಯೇ ನಾಳೆಯ ಸಂಖ್ಯೆಯನ್ನು ಏರಿಸಬಲ್ಲದು. ಆದ್ದರಿಂದ ನನ್ನ ಸಲಹೆ ನೇರವಾಗಿದೆ: ದಿನದಿನವೂ ಚುಚ್ಚುವುದನ್ನು ನಿಲ್ಲಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ಅಳೆಯುವುದು ಡೋಸ್ ತೀರ್ಮಾನಿಸಲಿಕ್ಕೆ. ನಿಮಗೆ ಇನ್ಸುಲಿನ್ನೂ ಇಲ್ಲ, ಮಾತ್ರೆಯೂ ಇಲ್ಲ. 104 ಬಂದ ದಿನ ಒಂದು, 113 ಬಂದ ದಿನ ಇನ್ನೊಂದು ಎಂದು ನೀವು ಮಾಡುವಂಥದ್ದು ಏನೂ ಇಲ್ಲ. ಕೈ ತಡೆಯದಿದ್ದರೆ ಮೀಟರನ್ನು ಮನೆಯವರ ಕೈಗೆ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಮಾತ್ರ ಕೇಳಿ ಪಡೆಯಿರಿ. ಹೀಗೆ ಮಾಡಿದ ಮೇಲೂ ನಿದ್ದೆ ಬಾರದೆ, ಎದೆ ಡವಡವ ಎನ್ನುತ್ತಲೇ ಇದ್ದರೆ ಅದು ಆತಂಕದ ಕಾಯಿಲೆಯಾಗಿರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಮ್ಮನ ವಿಷಯ. ಕಾಲಿನ ನರ, ರಕ್ತನಾಳ ಕೆಡುವ ಹಂತಕ್ಕೆ ಬರಲು ಸಾಮಾನ್ಯವಾಗಿ ವರ್ಷಗಟ್ಟಲೆ ಹತೋಟಿ ತಪ್ಪಿದ ಶುಗರ್ ಇರಬೇಕು. ನೀವು ಇನ್ನೂ ಕಾಯಿಲೆಯ ಬಾಗಿಲ ಹೊರಗಿದ್ದೀರಿ. ಅಮೆರಿಕದಲ್ಲಿ ನಿಮ್ಮಂಥವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇಟ್ಟುಕೊಂಡ ಗುರಿ ಎರಡೇ: ತೂಕದಲ್ಲಿ ಶೇ. 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ. ಅಷ್ಟಕ್ಕೇ ಮಧುಮೇಹಕ್ಕೆ ಜಾರುವುದು ಶೇ. 58ರಷ್ಟು ತಗ್ಗಿತು. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ನಮ್ಮವರ ಮೇಲೆಯೇ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಾಭ ಅಷ್ಟು ದೊಡ್ಡದಲ್ಲ, ಶೇ. 28ರ ಆಸುಪಾಸು, ನಮ್ಮ ಮೈಕಟ್ಟಿಗೆ ಅಪಾಯ ಹೆಚ್ಚು ಎಂಬುದು ನಿಜ. ಆದರೂ ಲಾಭ ಸ್ಪಷ್ಟವಾಗಿತ್ತು. ನಿಮ್ಮ ಐದು ಕಿಲೋ ಲೆಕ್ಕ ಹಾಕಿ ನೋಡಿ, ಹೆಚ್ಚುಕಡಿಮೆ ಅದೇ ಶೇ. 7.

ಅಮೆರಿಕದ ಆ ಅಧ್ಯಯನದಲ್ಲಿದ್ದವರು ಲೋ ಕಾರ್ಬ್ ಊಟ ಮಾಡುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಐಸಿಎಂಆರ್‌ನ ದೇಶವ್ಯಾಪಿ ಸಮೀಕ್ಷೆಯ ಮಾಹಿತಿ ಆಧರಿಸಿ 2022ರಲ್ಲಿ ಬಂದ ಲೆಕ್ಕಾಚಾರವೂ, ಬಾರ್ಡರ್‌ಲೈನ್‌ನಲ್ಲಿರುವ ಭಾರತೀಯರು ಒಟ್ಟು ಕ್ಯಾಲೊರಿಯಲ್ಲಿ ಕಾರ್ಬ್ ಪಾಲನ್ನು ಶೇ. 50-56ಕ್ಕೆ ಇಳಿಸಿ ಪ್ರೋಟೀನ್ ಹೆಚ್ಚಿಸಿಕೊಂಡರೆ ಸಹಜ ಸ್ಥಿತಿಗೆ ಮರಳುವ ಸಾಧ್ಯತೆ ಇದೆ ಎನ್ನುತ್ತದೆ. ಸೊನ್ನೆಗೆ ಇಳಿಸಿ ಎಂದಿಲ್ಲ. ಈಗಿನ ಊಟ ನಿಮಗೆ ಒಗ್ಗಿದ್ದರೆ ಮುಂದುವರಿಸಿ, ನನ್ನ ತಕರಾರಿಲ್ಲ. ಆದರೆ ಭಯಕ್ಕಾಗಿಯೇ ಮಾಡುತ್ತಿದ್ದರೆ ಸಡಿಲಿಸಲು ಜಾಗವಿದೆ. ರಾಗಿ ಎಂದರೆ ಶುಗರ್‌ಗೆ ಔಷಧ ಎಂಬ ಮಾತು ನಂಬಿ ಎರಡು ಮುದ್ದೆ ನುಂಗಬೇಡಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 65-70 ಗ್ರಾಂ ಕಾರ್ಬ್ ಇದೆ. ನಿಂಬೆ ಗಾತ್ರದ ಮುದ್ದೆ, ಬಟ್ಟಲು ತುಂಬ ಬಸ್ಸಾರು, ಅದರ ಪಲ್ಯ, ಕಾಳು ಇದ್ದರೆ ಅದು ಒಳ್ಳೆಯ ಊಟವೇ. ಮದುವೆಮನೆಗೂ ಹೋಗಿ. ಕೋಸಂಬರಿ, ಪಲ್ಯ, ಮಜ್ಜಿಗೆಹುಳಿ ಮೊದಲು ತಿನ್ನಿ, ಅನ್ನಕ್ಕೆ ಆಮೇಲೆ ಸ್ವಲ್ಪ ಜಾಗ ಬಿಡಿ, ಎದ್ದ ಮೇಲೆ ಹದಿನೈದು ನಿಮಿಷ ನಡೆಯಿರಿ. ನಡೆಯುವ ಸ್ನಾಯು ಇನ್ಸುಲಿನ್‌ಗೆ ಹೆಚ್ಚು ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಈಗ ಡಾಕ್ಟರ ಬಳಿ ಹೋಗುವಾಗ ಮೂರು ಮಾತು ನೆನಪಿರಲಿ. ಎಚ್‌ಬಿಎ1ಸಿ ಜೊತೆಗೆ ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಕೂಡ ನೋಡಿಸಿ. ಕಬ್ಬಿಣದ ಕೊರತೆ ಇರುವ ಹೆಂಗಸರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ಬರಬಹುದು. ಪನೀರ್, ತುಪ್ಪ ಹೆಚ್ಚಾಗಿದ್ದರೆ ಕೊಲೆಸ್ಟರಾಲ್ ಏರಿರಬಹುದು, ಅದನ್ನೂ ಪರೀಕ್ಷಿಸಿ. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಬರೆದುಕೊಟ್ಟರೆ, ಕಾರ್ಬ್ ಬಿಟ್ಟಿರುವುದನ್ನು ಮೊದಲೇ ಹೇಳಿ. ಅದಕ್ಕೆ ಮುಂಚಿನ ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬ್ ತಿನ್ನದಿದ್ದರೆ ಇಲ್ಲದ ಮಧುಮೇಹವನ್ನು ಅದು ತೋರಿಸಬಹುದು. ಲ್ಯಾಬ್‌ನಲ್ಲಿ ಖಾಲಿ ಹೊಟ್ಟೆಯ ಶುಗರ್ 126 ಮುಟ್ಟಿದರೆ ಅಥವಾ ಎಚ್‌ಬಿಎ1ಸಿ 6.5 ಆದರೆ ತಡಮಾಡದೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಚಿಕಿತ್ಸೆಯ ಮಾತಾಡಬೇಕು. ಅಲ್ಲಿಯವರೆಗೆ, ಎಲ್ಲ ಸರಿಯಿದ್ದರೆ, ವರ್ಷಕ್ಕೊಮ್ಮೆ ಲ್ಯಾಬ್‌ನಲ್ಲಿ ತೋರಿಸಿದರೆ ಸಾಕು.