ಹುಳು ಓಡಿಸುವವರ ಪತ್ರಿಕೆ

ಪ್ರಬಂಧ ಕಳಿಸೋಕೆ ನಾವೆಲ್ಲ ಗಂಭೀರ ಹೆಸರಿನ ಜರ್ನಲ್ ಹುಡುಕ್ತೀವಿ. ಆದರೆ 1959ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೇಮ್ಸ್ ಮೆಕ್‌ಕಾನೆಲ್ ಶುರುಮಾಡಿದ ಪತ್ರಿಕೆಯ ಹೆಸರು ‘ವರ್ಮ್ ರನ್ನರ್ಸ್ ಡೈಜೆಸ್ಟ್’, ಅಂದರೆ ಹುಳು ಓಡಿಸುವವರ ಡೈಜೆಸ್ಟ್! ಅವರು ಪ್ಲನೇರಿಯಾ ಎಂಬ ಚಪ್ಪಟೆ ಹುಳುಗಳಿಗೆ ಪಾಠ ಕಲಿಸುತ್ತಿದ್ದರು.

ಪತ್ರಿಕೆಯಲ್ಲಿ ಸಂಶೋಧನೆ, ತಮಾಷೆ ಎರಡೂ ಬೆರೆತು ಬರುತ್ತಿದ್ದವು. ಯಾವುದು ನಿಜ, ಯಾವುದು ಹಾಸ್ಯ ಗೊತ್ತಾಗ್ತಿಲ್ಲ ಅಂತ ಓದುಗರು ಗೊಣಗಿದರು. ಆಮೇಲೆ ತಮಾಷೆಯನ್ನು ಹಿಂಬದಿಗೆ ಹಾಕಿ, ತಲೆಕೆಳಗಾಗಿ ಅಚ್ಚುಮಾಡಿದರು.

ಪಾಠ ಕಲಿತ ಹುಳುವನ್ನು ತಿಂದ ಹುಳುವೂ ಬೇಗ ಕಲಿಯುತ್ತದೆ ಎಂಬುದು ಮೆಕ್‌ಕಾನೆಲ್ ಅವರ ಗಂಭೀರ ವಾದ. ಮೇಷ್ಟ್ರ ತಲೆ ತಿನ್ನೋ ನಮಗೆ ಸಿಹಿಸುದ್ದಿಯೇ! ಆದರೆ ಹಲವು ಪ್ರಯೋಗಾಲಯಗಳಲ್ಲಿ ಆ ಫಲಿತಾಂಶ ಮತ್ತೆ ಸಿಗಲಿಲ್ಲ.

ಹಾಸ್ಯ ಓದೋಕೆ ಪತ್ರಿಕೆ ತಿರುಗಿಸಿದರೆ ಸಾಕು. ವಿಜ್ಞಾನ ನಂಬೋಕೆ ಪ್ರಯೋಗವನ್ನೇ ಮತ್ತೆ ಮಾಡಿ ನೋಡಬೇಕು.